ದೊಡ್ಡದು ಮಾಡಿದ ದೀಪ

ಕನ್ನಡದವರ ಬಳಗದಲ್ಲಿ ನನಗೆ ಆಮೆ ಆಂಟಿ ಅಂತ ಹೆಸರು ಬಿದ್ದದ್ದು ತೊಂಬತ್ತರ ದಶಕದ ನಡುವೆ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಮಾತ್ರ, ಅದೂ ನನಗೆ ಚೆನ್ನಾಗಿ ಕೇಳಿಸುವಷ್ಟು ಜೋರಾಗಿ. ಬಳಗದ ಜನ ಬಹಳ ಮರ್ಯಾದಸ್ಥರು.

ನನ್ನ ಗಂಡನಿಗೆ ನಾರ್ತ್ ಕ್ಯಾರೊಲೈನಾದ ಕಡಲ ತೀರದಲ್ಲಿ, ವಿಲ್ಮಿಂಗ್ಟನ್ ಹತ್ತಿರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮಿಕ್ಕ ಕನ್ನಡದವರೆಲ್ಲ ಎರಡು ಗಂಟೆಗೂ ಮೀರಿದ ದಾರಿಯಾಚೆ ಕ್ಯಾರಿಯಲ್ಲಿ ಒಬ್ಬರ ಮನೆಯ ಕಿಚನ್ ಕೌಂಟರನ್ನು ಇನ್ನೊಬ್ಬರು ತಟ್ಟಿ ನೋಡಿ ಕಲ್ಲು ಯಾವುದು ಎಂದು ವಿಚಾರಿಸಿಕೊಂಡು ಸುಖವಾಗಿದ್ದರು. ನನ್ನ ವೀಸಾದಲ್ಲಿ ದುಡಿಯಲು ಪರವಾನಗಿ ಇರಲಿಲ್ಲ. ಸಂಬಳವಿಲ್ಲದ ಕೆಲಸಕ್ಕೆ ಪರವಾನಗಿ ಬೇಡ ಎಂದು ಗೊತ್ತಾದ ದಿನವೇ ಹೋಗಿ ಕಡಲಾಮೆ ಕಾಯುವವರ ಗುಂಪಿಗೆ ಸೇರಿಕೊಂಡೆ. ಪ್ರಾಣಿದಯೆ ಉಕ್ಕಿ ಹರಿದು ಸೇರಿದ್ದಲ್ಲ. ಮನೆಯಲ್ಲಿ ಕೂತು ಕೂತು ಗೋಡೆಯ ಜೊತೆ ಜಗಳ ಆಡುವ ಹಂತಕ್ಕೆ ಬಂದಿದ್ದೆ.

ಕೆಲಸ ಕಷ್ಟದ್ದಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು ತೀರದ ಉದ್ದಕ್ಕೂ ನಡೆಯುವುದು, ತಾಯಿ ಆಮೆ ರಾತ್ರಿ ಹತ್ತಿ ಬಂದು ಮೊಟ್ಟೆಯಿಟ್ಟು ಹೋದ ಗುರುತು ಹುಡುಕುವುದು, ಗೂಡಿನ ಸುತ್ತ ಗೂಟ ಹೊಡೆದು ಟೇಪು ಕಟ್ಟುವುದು, ನರಿ ಅಗೆಯದಂತೆ ಮೇಲೆ ತಂತಿಬಲೆ ಹಾಸುವುದು. ಸುಮಾರು ಎರಡು ತಿಂಗಳ ಮೇಲೆ ಮರಿಗಳು ಮರಳಿನಿಂದ ಎದ್ದು ಬರುವ ಕಾಲಕ್ಕೆ ಪಕ್ಕದಲ್ಲಿ ಕೂತು, ಅವು ನೀರು ಸೇರುವವರೆಗೆ ಏಡಿ ಹಕ್ಕಿ ನಾಯಿಗಳನ್ನು ಅಟ್ಟುವುದು. ಮರಿಗಳಿಗೆ ಇರುವುದು ಒಂದೇ ಬುದ್ಧಿ. ಕತ್ತಲೆಯಲ್ಲಿ ಎಲ್ಲಿ ಬೆಳಕು ಹೆಚ್ಚೋ ಅದೇ ಕಡಲು ಎಂದು ಅವು ತಿಳಿಯುತ್ತವೆ. ಮನುಷ್ಯ ಬಲ್ಬು ಕಂಡುಹಿಡಿಯುವ ತನಕ ಆ ಬುದ್ಧಿ ಅವಕ್ಕೆ ಸಾಕಾಗಿತ್ತು.

ಗುಂಪಿನ ಮುಖ್ಯಸ್ಥೆ ನಿವೃತ್ತ ಹೈಸ್ಕೂಲ್ ಪ್ರಿನ್ಸಿಪಾಲ್, ಎಪ್ಪತ್ತು ದಾಟಿದ ಬಿಳಿಯ ಹೆಂಗಸು. ಮನಸ್ಸಿನಲ್ಲೇ ಆಕೆಗೆ ಪ್ರಿನ್ಸಿಪಾಲಮ್ಮ ಎಂದು ಹೆಸರಿಟ್ಟಿದ್ದೆ. ಸೊಂಟ ಹಿಡಿದುಕೊಂಡಿತ್ತು, ನಾಲಗೆಗೆ ಯಾವ ತೊಂದರೆಯೂ ಇರಲಿಲ್ಲ. ನಮ್ಮನ್ನೆಲ್ಲ ತಡವಾಗಿ ಬಂದ ವಿದ್ಯಾರ್ಥಿಗಳ ಹಾಗೆ ನೋಡುತ್ತಿದ್ದಳು. ಮೊದಲ ವಾರ ನನ್ನ ಸೀರೆ ಕಂಡು, ಇದನ್ನು ಉಟ್ಟುಕೊಂಡು ಬಂದರೆ ಗೂಡಿನ ಮೇಲೆ ಎಡವಿ ಬೀಳುತ್ತೀಯ, ನೀನು ಬಿದ್ದರೆ ಚಿಂತೆಯಿಲ್ಲ ಎಂದಳು. ಅಂದಿನಿಂದ ಪ್ಯಾಂಟು ಹಾಕಿದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಆಕೆ ನನ್ನನ್ನು ಒಬ್ಬಳೇ ಕಳಿಸುವಷ್ಟು ನಂಬುತ್ತಿದ್ದಳು. ಅಮೆರಿಕಾದಲ್ಲಿ ನನ್ನನ್ನು ನಂಬಿ ಯಾರಾದರೂ ಏನನ್ನಾದರೂ ಒಪ್ಪಿಸಿದ್ದು ಅದೇ ಮೊದಲು. ಅದನ್ನು ಉಳಿಸಿಕೊಳ್ಳಬೇಕೆಂದು ನನಗೆ ಎಷ್ಟು ಆಸೆ ಇತ್ತು ಎನ್ನುವುದನ್ನು ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಬಳಗದಲ್ಲಿ ಮಾತ್ರ ಈ ಸುದ್ದಿ ಬೇರೆ ರೂಪ ತಾಳಿತು. ಮೊಟ್ಟೆ ಎಂಬ ಮಾತು ಕಿವಿಗೆ ಬಿದ್ದರೆ ಕೇಕಿನ ಡಬ್ಬಿ ತಿರುಗಿಸಿ ಓದುವ ಜನ ಅವರು. ಆ ವರ್ಷ ಯುಗಾದಿ ಊಟಕ್ಕೆ ಹೋಳಿಗೆ ಲಟ್ಟಿಸಲು ನಾನು ಕೂತಾಗ ಡಾಕ್ಟರ್ ಹೆಂಡತಿ ಬಂದು ಲಟ್ಟಣಿಗೆ ತೆಗೆದುಕೊಂಡರು.

"ನೀವು ಬಡಿಸೋಕೆ ನಿಂತ್ಕೊಳ್ಳಿ. ಮೊಟ್ಟೆ ಎತ್ತಿಡೋ ಕೈ ಅಲ್ವಾ, ಮಡೀಲಿರೋ ದೊಡ್ಡೋರು ಬಂದಿದ್ದಾರೆ, ಸುಮ್ನೆ ಯಾಕೆ" ಅಂದರು.

ಸುತ್ತ ಕೂತ ಹೆಂಗಸರು ಹೂರಣದ ಉಂಡೆ ಕಟ್ಟುವುದರಲ್ಲಿ ಒಮ್ಮೆಲೇ ಮಗ್ನರಾದರು. ನಾನು ಎದ್ದು ಬಂದೆ. ಅವರ ಹೋಳಿಗೆ ಅಂದು ಕಾವಲಿಗೆ ಹತ್ತಿಕೊಂಡು ಹರಿದುಹೋಯಿತು ಎಂದು ತಿಳಿದು ಹೊಟ್ಟೆ ತುಂಬಿತು.

ಈ ಡಾಕ್ಟರ್ ಹೆಂಡತಿಯ ಬಗ್ಗೆ ಹೇಳಲೇಬೇಕು. ಗಂಡ ಅರಿವಳಿಕೆ ಡಾಕ್ಟರು, ಅರವತ್ತರ ದಶಕದ ಕೊನೆಗೆ ಬಂದು ನೆಲೆಯೂರಿದವರು. ಆಪರೇಷನ್ ಥಿಯೇಟರಿನಲ್ಲಿ ಔಷಧ ಕೊಟ್ಟು ಮಲಗಿಸುತ್ತಿದ್ದರು, ಊಟದ ಮನೆಯಲ್ಲಿ ಬರೀ ಮಾತಾಡಿ ಮಲಗಿಸುತ್ತಿದ್ದರು. ಕ್ಯಾರಿಯಲ್ಲಿ ದೊಡ್ಡ ಮನೆ. ಅದು ಸಾಲದೆಂದು ನಮ್ಮ ತೀರದಲ್ಲಿ, ಕಂಬಗಳ ಮೇಲೆ ಮೂರು ಅಂತಸ್ತಿನ ಇನ್ನೊಂದು ಮನೆ. ಕಡಲಿನ ಕಡೆಗೆ ಡೆಕ್ಕು, ಡೆಕ್ಕಿನ ಕೆಳಗೆ ಈಜುಕೊಳ, ಕೊಳದೊಳಗೆ ನೀಲಿ ದೀಪ, ಮೂಲೆಮೂಲೆಗೂ ಫ್ಲಡ್‌ಲೈಟು. ಬೇಸಿಗೆಯ ಸಂಜೆ ಆ ಮನೆ ದೂರದಿಂದ ಮದುವೆ ಛತ್ರದ ಹಾಗೆ ಕಾಣುತ್ತಿತ್ತು. ಪ್ರಿನ್ಸಿಪಾಲಮ್ಮ ಹಿಂದೊಮ್ಮೆ ಹೋಗಿ ದೀಪದ ವಿಷಯಕ್ಕೆ ಡಾಕ್ಟರ ಜೊತೆ ಬಾಯಿಗೆ ಬಾಯಿ ಹತ್ತಿಸಿಕೊಂಡು ಬಂದಿದ್ದಳು. ಅಂದಿನಿಂದ ಆಮೆಯವರು ಯಾರೇ ಬಂದರೂ ಬಾಗಿಲು ತೆರೆಯಕೂಡದು ಎಂದು ಮನೆಯವರಿಗೆ ಡಾಕ್ಟರ ಕಟ್ಟಪ್ಪಣೆ.

ಆ ಬೇಸಿಗೆ ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಒಬ್ಬಳೇ ನಡೆಯುವಾಗ ಒಂದು ಗೂಡು ಸಿಕ್ಕಿತು. ತಾಯಿ ಆಮೆ ಮೇಲಕ್ಕೆ ಹತ್ತುವಾಗ ಯಾರೋ ಮರೆತುಹೋದ ಕುರ್ಚಿಗೆ ಡಿಕ್ಕಿ ಹೊಡೆದು, ತಿರುಗಿ, ನೀರಿನ ಅಂಚಿನಲ್ಲೇ ಮೊಟ್ಟೆ ಸುರಿದು ಹೋಗಿತ್ತು. ಮುಂದಿನ ಭರತಕ್ಕೆ ಕಡಲು ಅದನ್ನು ನುಂಗುವುದು ಖಂಡಿತ. ಇಂಥ ಗೂಡನ್ನು ಎತ್ತಿ ಎತ್ತರದ ಜಾಗಕ್ಕೆ ಹಾಕುವ ಅಧಿಕಾರ ಇದ್ದದ್ದು ಪ್ರಿನ್ಸಿಪಾಲಮ್ಮನಿಗೆ. ಆಕೆ ಬಂದಳು, ಬಾಗಲು ಸೊಂಟ ಒಪ್ಪಲಿಲ್ಲ. ನನ್ನ ಕೈಯಲ್ಲೇ ಮಾಡಿಸಿದಳು. ಒಂದೊಂದು ಮೊಟ್ಟೆಯನ್ನೂ ಮೇಲಿನ ಮೈ ಮೇಲೇ ಇರುವ ಹಾಗೆ ಎತ್ತಬೇಕು, ಹೊರಳಿಸಿದರೆ ಒಳಗಿನ ಜೀವ ಸಾಯುತ್ತದೆ. ಒದ್ದೆ ಮರಳು ಹಾಸಿದ ಬಕೆಟ್ಟಿನಲ್ಲಿ ಅವನ್ನು ಸಾಲಾಗಿ ಇಟ್ಟೆ.

ಆ ಹತ್ತಿರದಲ್ಲಿ ಎತ್ತರದ ಮರಳ ದಿಬ್ಬ ಇದ್ದದ್ದು ಒಂದೇ ಕಡೆ, ಡಾಕ್ಟರ ಮನೆಯ ಎದುರಿಗೆ. ಪ್ರಿನ್ಸಿಪಾಲಮ್ಮ ಡೆಕ್ಕಿನ ಕಡೆಗೆ ನೋಡಿ ತಲೆಯಾಡಿಸಿದಳು. ಆ ದೀಪಗಳ ಮುಂದೆ ಇವನ್ನು ಹೂಳುವ ಬದಲು ಕಡಲಿಗೇ ಬಿಡುವುದು ಲೇಸು, ನೀರಿನಲ್ಲಾದರೆ ಬೇಗ ಸಾಯುತ್ತವೆ ಎಂದಳು.

"ಅವರು ನಮ್ಮ ಜನ. ಒಂದೇ ಭಾಷೆ. ದೀಪದ ವಿಷಯ ನನಗೆ ಬಿಡಿ" ಎಂದೆ.

ಆಕೆ ನನ್ನ ಮುಖ ನೋಡಿ, ಸರಿ, ನಿನ್ನ ಮಾತಿನ ಮೇಲೆ ಹೂಳುತ್ತೇನೆ ಎಂದಳು. ಹೀಗೆ ಅದು ನನ್ನ ಗೂಡಾಯಿತು. ಆ ಮರಿಗಳು ಎದ್ದು ನೀರು ಸೇರಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು.

ಮಾರನೆಯ ಶನಿವಾರ ಡಾಕ್ಟರ ಬಾಗಿಲು ತಟ್ಟಿದೆ. ನಾನು ಆಮೆಯವಳಾದರೂ ಕನ್ನಡದವಳಾದ್ದರಿಂದ ಬಾಗಿಲು ತೆರೆಯಿತು, ಕಾಫಿಯೂ ಬಂತು. ದೀಪದ ಮಾತೆತ್ತಿದ ಮೇಲೆ ಬಿಸ್ಕತ್ತು ಬರುವುದು ನಿಂತಿತು.

"ನೀವು ಓದಿದೋರು" ಅಂದರು ಡಾಕ್ಟರು. "ಆ ಮುದುಕಿ ಮಾತು ಕಟ್ಕೊಂಡು ಓಡಾಡ್ತಿದ್ದೀರಲ್ಲ. ನನ್ನ ಡೆಕ್ಕು, ನನ್ನ ಲೈಟು, ಟ್ಯಾಕ್ಸ್ ಪೇ ಮಾಡ್ತಿರೋನು ನಾನು. ನಿಮ್ಮ ಆಮೆಗಳಿಗೆ ಕಣ್ಣು ಮುಚ್ಕೊಂಡು ಹೋಗೋಕೆ ಹೇಳಿ."

ತಮ್ಮ ಹಾಸ್ಯಕ್ಕೆ ತಾವೇ ನಕ್ಕು, ಟಿವಿ ನೋಡಲು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಎದುರಿಗೆ ಹೆಂಡತಿ ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದರು. ಗುರುವಾರ ಉಗುರು ಕತ್ತರಿಸದ, ಬೆಕ್ಕು ಅಡ್ಡ ಬಂದರೆ ಹೈವೇಗೆ ಹೋಗುವ ಮುಂಚೆ ಕಾರು ನಿಲ್ಲಿಸಿ ಕೂರುವ ಹೆಂಗಸು. ಒಳ್ಳೆಯ ಮಾತಿಗೆ ಬಗ್ಗದವರನ್ನು ಬಗ್ಗಿಸಲು ನಮ್ಮಲ್ಲಿ ಬೇರೆ ಹತಾರಗಳಿವೆ.

"ನಿಮ್ಮ ಒಳ್ಳೇದಕ್ಕೇ ಹೇಳ್ದೆ ಕಣ್ರೀ" ಎಂದೆ ದನಿ ತಗ್ಗಿಸಿ. "ಮರಿಗಳು ಬೆಳಕು ಎಲ್ಲಿದ್ರೆ ಅಲ್ಲಿಗೆ ಬರೋದು. ಡೆಕ್ಕಿನ ಕೆಳಗೆ, ಮೆಟ್ಟಿಲ ಹತ್ರ, ಕೆಳಗಿನ ರೂಮಿನ ಒಳಗೆ. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತಾರಲ್ಲ, ನಿಮಗೆ ಗೊತ್ತಿಲ್ದೇ ಇರತ್ತಾ. ಇಲ್ಲಿ ಒಂದಲ್ಲ, ಒಂದು ಹಿಂಡೇ ನುಗ್ಗತ್ತೆ."

ಅಮೀನ ಅಂದರೆ ಜಪ್ತಿಗೆ ಬರುವ ಕೋರ್ಟಿನವನು. ಅಮೆರಿಕಾದಲ್ಲಿ ಅಮೀನ ಎಲ್ಲಿಂದ ಬರಬೇಕು, ಆಮೆಯಂತೂ ಅಂಗಳದಲ್ಲೇ ಇತ್ತು. ಅವರು ಲೋಟವನ್ನು ಅಲ್ಲೇ ಬಿಟ್ಟು ಎದ್ದರು. ನಾನು ಮನೆ ಸೇರುವ ಮುಂಚೆಯೇ ಡೆಕ್ಕಿನ ದೀಪ ಹೋಗಿತ್ತು, ಕೊಳದ ದೀಪವೂ ಹೋಗಿತ್ತು. ಆಗಸ್ಟ್ ಪೂರ್ತಿ ಆ ಮನೆ ಸಂಜೆಯ ಮೇಲೆ ಸೂತಕದ ಮನೆಯ ಹಾಗೆ ಕತ್ತಲಾಗಿತ್ತು. ಪ್ರಿನ್ಸಿಪಾಲಮ್ಮ ಬೆರಗಾಗಿ, ಯಾವ ಕಾನೂನು ತೋರಿಸಿದೆ ಎಂದು ಕೇಳಿದಳು. ನಮ್ಮ ಕಡೆಯದು ಎಂದೆ. ಹೋಳಿಗೆಯ ಸೇಡು ತೀರಿತ್ತು, ಗೂಡೂ ಉಳಿದಿತ್ತು. ಅಂಥ ಖುಷಿಯನ್ನು ನಾನು ಆ ದೇಶದಲ್ಲಿ ಮತ್ತೆ ಕಂಡಿಲ್ಲ.

ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬ ಬಂತು. ಕ್ಯಾರಿಯಲ್ಲಿ ಒಂದು ಶಾಲೆಯ ಹಾಲು ಬಾಡಿಗೆಗೆ ಹಿಡಿದು ಶನಿವಾರ ಸಾಮೂಹಿಕ ಪೂಜೆ. ಡಾಕ್ಟರು ಪತ್ನೀಸಮೇತ ಪೂಜೆಗೆ ಕೂರುವವರು. ನನ್ನ ಗಂಡ ಸ್ಪೀಕರು ಮೈಕು ಜೋಡಿಸುವ ಕಮಿಟಿ, ಹಾಗಾಗಿ ನಾನೂ ಹೋಗಲೇಬೇಕು. ಮರಿಗಳು ಏಳುವ ದಿನ ಹತ್ತಿರ ಬಂದಿತ್ತು. ಪ್ರಿನ್ಸಿಪಾಲಮ್ಮ ನೋಡಿ, ಇನ್ನೊಂದೆರಡು ದಿನ ಆಗಬಹುದು, ನೀನು ನಿನ್ನ ದೇವರನ್ನು ನೋಡಿ ಬಾ, ಗೂಡನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಕಳಿಸಿದಳು.

ಡಾಕ್ಟರಿಗೆ ಒಬ್ಬಳೇ ಮಗಳು, ಅಟ್ಲಾಂಟಾದಲ್ಲಿ ಕಾಲೇಜು ಓದುತ್ತಿದ್ದಳು. ಅಮೆರಿಕಾದಲ್ಲೇ ಹುಟ್ಟಿ ಬೆಳೆದ ಹುಡುಗಿ, ಮುಖದಲ್ಲಿ ಅಪ್ಪನ ಗತ್ತೂ ಇರಲಿಲ್ಲ, ಅಮ್ಮನ ಅಂಜಿಕೆಯೂ ಇರಲಿಲ್ಲ. ಹಬ್ಬಕ್ಕೆಂದೇ ಊರಿಗೆ ಬಂದವಳು ಹಿಂದಿನ ದಿನ ಹೊರಗಾದಳು. ತಿಂಗಳ ಮೂರು ದಿನ ಪೂಜೆಯ ಮನೆಯ ಗಾಳಿ ಸೋಕಕೂಡದು ಎಂದು ತಾಯಿ ಅವಳನ್ನು ಕಡಲ ಮನೆಗೆ ಕರೆತಂದು ಬಿಟ್ಟು, ಫ್ರಿಜ್ಜಿನಲ್ಲಿ ಚಿತ್ರಾನ್ನ ಇಟ್ಟು, ತಾವು ಗಣಪತಿಯ ಹತ್ತಿರ ಹೊರಟರು. ಮೈಸೂರಿನಲ್ಲಾಗಿದ್ದರೆ ಹಿತ್ತಿಲ ಕೋಣೆ, ಇಲ್ಲಿ ಮೂರು ಅಂತಸ್ತಿನ ಬಂಗಲೆ. ಅನುಕೂಲ ಹೆಚ್ಚಿತ್ತು, ಅಷ್ಟೇ ವ್ಯತ್ಯಾಸ.

ಸಂಜೆ ಮಂಗಳಾರತಿಗೆ ಮುಂಚೆ ಶಾಲೆಯ ಕಾರಿಡಾರಿನ ಪೇಫೋನಿನಿಂದ ಪ್ರಿನ್ಸಿಪಾಲಮ್ಮನಿಗೆ ಕರೆ ಮಾಡಿದೆ. ಆಕೆಯ ದನಿ ಗಡುಸಾಗಿತ್ತು. ಗೂಡಿನ ಮೇಲಿನ ಮರಳು ಮಧ್ಯಾಹ್ನ ಕುಸಿದಿದೆ, ಬಹುಶಃ ಇವತ್ತೇ ಏಳುತ್ತವೆ. ನಿನ್ನ ಡಾಕ್ಟರ ಮನೆಯಲ್ಲಿ ಡೆಕ್ಕಿನ ದೀಪ ಉರಿಯುತ್ತಿದೆ. ಹೋಗಿ ಬೆಲ್ಲು ಒತ್ತಿದೆ, ಒಬ್ಬ ಹುಡುಗಿ ಸರಪಳಿ ಹಾಕಿದ ಬಾಗಿಲ ಸಂದಿಯಿಂದ, ಸಾರಿ, ನಿಮ್ಮ ಜೊತೆ ಮಾತಾಡಬಾರದೆಂದು ಅಪ್ಪ ಹೇಳಿದ್ದಾರೆ ಎಂದು ಮುಚ್ಚಿಬಿಟ್ಟಳು. ಈಗೇನು ಮಾಡುತ್ತೀಯ?

ಅಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದ ಹುಡುಗಿ ಹೆದರಿಕೆಗೆ ಒಂದೆರಡು ದೀಪ ಹಾಕಿಕೊಂಡಿದ್ದಳು, ಅಷ್ಟೆ. ಹತ್ತು ನಿಮಿಷ ಕಾಯಿರಿ ಎಂದು ಹೇಳಿ ಒಳಗೆ ಓಡಿದೆ.

ಡಾಕ್ಟರ್ ಹೆಂಡತಿ ವೇದಿಕೆಯ ಪಕ್ಕ ಕಾಸಿನ ಸರ ಸರಿಮಾಡಿಕೊಳ್ಳುತ್ತಾ ಆರತಿ ತಟ್ಟೆಗೆ ಬತ್ತಿ ಜೋಡಿಸುತ್ತಿದ್ದರು. ಕಿವಿಯ ಹತ್ತಿರ ಹೋಗಿ, ಮರಿಗಳು ಇವತ್ತೇ ಏಳುತ್ತವಂತೆ, ನಿಮ್ಮ ಡೆಕ್ಕಿನ ಲೈಟು ಆನ್ ಇದೆಯಂತೆ ಎಂದೆ. ನಾನು ಬೇರೆ ಏನೂ ಹೇಳಬೇಕಾಗಲಿಲ್ಲ. ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ಗಂಡನ ಜುಬ್ಬದ ಜೇಬಿನಿಂದ ಇಟ್ಟಿಗೆಯಂಥ ಸೆಲ್‌ಫೋನ್ ಎಳೆದುಕೊಂಡು, ನನ್ನ ಎದುರಿಗೇ ನಂಬರು ಒತ್ತಿದರು. ಮೈಕಿನಲ್ಲಿ ಪುರೋಹಿತರು ಗಣಪತಿಯ ಹೆಸರುಗಳನ್ನು ಹೇಳುತ್ತಿದ್ದರು, ಹಾಗಾಗಿ ಇವರು ಕೂಗಿಯೇ ಮಾತಾಡಬೇಕಾಯಿತು.

"ಪುಟ್ಟಿ, ಅಲ್ಲಿ ಆಮೆ ಮರಿಗಳು ಈಚೆ ಬರ್ತಾವಂತೆ ಕಣೇ. ಮನೆ ದೀಪ ಎಲ್ಲಾ ದೊಡ್ಡದು ಮಾಡಿಬಿಡು. ಡೆಕ್ಕಿಂದು, ಪೂಲ್‌ದು, ಎಲ್ಲಾ. ಒಂದೂ ಬಿಡ್ಬೇಡ. ಗೊತ್ತಾಯ್ತಾ?"

ಆ ಕಡೆಯಿಂದ ಹುಡುಗಿಯ ದನಿ ನನಗೂ ಕೇಳಿಸಿತು. "ಎಲ್ಲಾ ದೊಡ್ಡದಾ? ಓಕೆ ಅಮ್ಮ, ಮಾಡ್ತೀನಿ."

ನಮ್ಮ ಮನೆಗಳಲ್ಲಿ ದೀಪ ಆರಿಸು ಎಂದು ಯಾರೂ ಹೇಳುವುದಿಲ್ಲ, ಹಬ್ಬದ ದಿನವಂತೂ ನಾಲಗೆಯ ಮೇಲೆ ಆ ಮಾತು ಬರಕೂಡದು. ದೀಪ ಆರುವುದೆಂದರೆ ಮನೆ ಆರಿದ ಹಾಗೆ. ಅದಕ್ಕೆ ದೊಡ್ಡದು ಮಾಡು ಎನ್ನುತ್ತೇವೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ನಾನು ಅದೇ ಅನ್ನ ತಿಂದು ಬೆಳೆದವಳು. ದೊಡ್ಡದು ಮಾಡು ಎಂದದ್ದು ನನ್ನ ಕಿವಿಗೆ ಆರಿಸು ಎಂದೇ ಬಿತ್ತು. ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಪೇಫೋನಿಗೆ ಹಿಂತಿರುಗಿ ಪ್ರಿನ್ಸಿಪಾಲಮ್ಮನಿಗೆ ಹೇಳಿದೆ: ಆಯಿತು, ತಾಯಿಯೇ ಫೋನು ಮಾಡಿದಳು, ನನ್ನ ಕಿವಿಯಾರೆ ಕೇಳಿದೆ. ಆಕೆ ಉಸಿರು ಬಿಟ್ಟಳು. ಹಿಂದಿನ ಎರಡು ರಾತ್ರಿ ಕೂತು ಸೊಂಟ ಸೆಟೆದುಕೊಂಡಿದೆ, ಕತ್ತಲೆ ಇದ್ದರೆ ಮರಿಗಳಿಗೆ ನಮ್ಮ ಹಂಗು ಬೇಕಿಲ್ಲ, ದಾರಿ ಅವಕ್ಕೇ ಗೊತ್ತು, ಹಾಗಾದರೆ ನಾನು ಮಲಗುತ್ತೇನೆ ಎಂದಳು. ಮಲಗಿ ಎಂದು ನಾನೇ ಹೇಳಿದೆ. ಆಮೇಲೆ ಒಳಗೆ ಹೋಗಿ ಕಡುಬು ತಿಂದೆ. ಡಾಕ್ಟರ್ ಹೆಂಡತಿ ತಾವೇ ಬಂದು ಇನ್ನೊಂದು ಹಾಕಿದರು.

ರಾತ್ರಿ ಕ್ಯಾರಿಯಲ್ಲೇ ಒಬ್ಬರ ಮನೆಯಲ್ಲಿ ಉಳಿದು, ಬೆಳಗಾಗುವ ಮುಂಚೆ ಗಂಡನನ್ನು ಎಬ್ಬಿಸಿ ಹೊರಡಿಸಿದೆ. ನೀರಿನ ಕಡೆಗೆ ಹೋದ ಪುಟ್ಟ ಪುಟ್ಟ ಹೆಜ್ಜೆಸಾಲುಗಳನ್ನು ಭರತ ಅಳಿಸುವ ಮುಂಚೆ ನೋಡಬೇಕೆಂದು ನನ್ನ ಆತುರ. ಸೇತುವೆ ದಾಟುವಾಗ ಸೂರ್ಯ ಮೂಡಿದ್ದ. ಗಂಡ ಕಾರಿನಲ್ಲೇ ಒರಗಿ ಕಣ್ಣು ಮುಚ್ಚಿದ. ನಾನು ದಿಬ್ಬ ಹತ್ತಿ ಇಳಿದೆ.

ಗೂಡಿನ ಮಧ್ಯೆ ಗುಂಡಿ ಬಿದ್ದಿತ್ತು. ಮರಿಗಳು ಎದ್ದಿದ್ದವು. ನೀರಿನ ಕಡೆಗಿನ ಮರಳು ಮಾತ್ರ ನುಣ್ಣಗೆ, ಯಾರೂ ತುಳಿಯದ ಹಾಗಿತ್ತು. ಸಾಲುಗಳೆಲ್ಲ ಗೂಡಿನಿಂದ ಹೊರಟು ಮನೆಯ ಕಡೆಗೆ ಹೋಗಿದ್ದವು. ಒಂದೂ ತಪ್ಪದೆ. ಹಿಂದೆಯೇ ಕಡಲು ಅಷ್ಟು ದೊಡ್ಡ ಸದ್ದು ಮಾಡುತ್ತಾ ಬಿದ್ದಿತ್ತು, ಒಂದೂ ತಿರುಗಿ ನೋಡಿರಲಿಲ್ಲ. ಮನೆಯ ಪ್ರತಿ ಬಲ್ಬೂ ಹಗಲಿನಲ್ಲಿ ಬಿಳಿಚಿಕೊಂಡು ಉರಿಯುತ್ತಿತ್ತು.

ಡೆಕ್ಕಿನ ಕೆಳಗಿನ ಮರದ ಜಾಲರಿಗೆ ಬಿದ್ದು ಬಿದ್ದು ಸತ್ತವು ಒಂದರ ಮೇಲೊಂದು ರಾಶಿಯಾಗಿದ್ದವು. ಅವುಗಳ ಕಣ್ಣಿಗೆ ಇರುವೆ ಮುತ್ತಿತ್ತು. ದಿಬ್ಬದ ಬುಡದಲ್ಲಿ ಏಡಿಗಳು ಕೆಲವನ್ನು ಬಿಲಕ್ಕೆ ಅರ್ಧ ಎಳೆದು ಬಿಟ್ಟಿದ್ದವು, ಕೆಲವಕ್ಕೆ ತಲೆಯೇ ಇರಲಿಲ್ಲ. ಕಾರು ನಿಲ್ಲಿಸುವ ಕಾಂಕ್ರೀಟಿನ ಮೇಲಿದ್ದವನ್ನು ಕಡಲಹಕ್ಕಿಗಳು ಕುಕ್ಕುತ್ತಿದ್ದವು, ನಾನು ಕೈ ಬೀಸಿದರೂ ಸ್ವಲ್ಪ ಪಕ್ಕಕ್ಕೆ ಸರಿದು ಮುಂದುವರಿಸಿದವು. ಉಳಿದವು ಕೊಳದಲ್ಲಿದ್ದವು. ಎಲ್ಲಕ್ಕಿಂತ ಗಟ್ಟಿಮುಟ್ಟಾಗಿದ್ದವು ಅವೇ ಇರಬೇಕು, ಅಷ್ಟು ದೂರ ತೆವಳಿ ಕೊನೆಗೂ ನೀರು ಮುಟ್ಟಿದೆವು ಎಂದುಕೊಂಡಿರಬೇಕು. ಕ್ಲೋರಿನ್ ನೀರಿನಲ್ಲಿ ನೀಲಿ ದೀಪದ ಸುತ್ತ ತೇಲುತ್ತಿದ್ದವು.

ಪ್ರಿನ್ಸಿಪಾಲಮ್ಮ ನನಗಿಂತ ಮುಂಚೆ ಬಂದು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಕೆಟ್ಟಿಗೆ ಆಯ್ದು ಹಾಕುತ್ತಿದ್ದಳು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ.

"ಆಯಿತು ಎಂದೆಯಲ್ಲ. ಆ ತಾಯಿ ಏನು ಹೇಳಿದಳು? ಅವಳು ಆಡಿದ ಮಾತನ್ನೇ ಹೇಳು" ಎಂದಳು.

ಆಗಲೇ ನನಗೆ ಹೊಳೆದದ್ದು. ಹೇಳಿದೆ, ಇಂಗ್ಲಿಷಿಗೆ ತಿರುಗಿಸಿ, ಮಾತಿಗೆ ಮಾತು ಇಟ್ಟು. ಆಕೆ ಬಗ್ಗಿದ್ದವಳು ನಿಧಾನವಾಗಿ ನೆಟ್ಟಗಾದಳು.

"ದೀಪಗಳನ್ನೆಲ್ಲ ದೊಡ್ಡದು ಮಾಡು ಎಂದಳು. ನೀನು ಅಲ್ಲೇ ನಿಂತು ಕೇಳಿದೆ."

"ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ. ಆರಿಸು ಎನ್ನುವುದು ಅಪಶಕುನ, ಅದಕ್ಕೆ ಹಾಗೆ ಹೇಳುತ್ತೇವೆ."

ಸತ್ತ ಮರಿಗಳ ಬಕೆಟ್ಟಿನ ಮುಂದೆ ನಿಂತು ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿದವರಿಗೇ ಗೊತ್ತು ಅದು ಹೇಗೆ ಕೇಳಿಸುತ್ತದೆ ಎಂದು. ಪ್ರಿನ್ಸಿಪಾಲಮ್ಮ ನನ್ನ ಕೊರಳಿನಲ್ಲಿ ತೂಗುತ್ತಿದ್ದ ಗುಂಪಿನ ಬಿಲ್ಲೆಯನ್ನು ತಾನೇ ತೆಗೆದು ಜೇಬಿಗೆ ಹಾಕಿಕೊಂಡಳು.

"ಮುಂದಿನ ಸಲ ಸತ್ತರೆ ನನ್ನ ಅಜ್ಞಾನದಿಂದ ಸಾಯಲಿ. ನಿಮ್ಮ ಶಕುನದಿಂದ ಬೇಡ" ಎಂದಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆಕೆಯ ಮೇಲೆ, ಆ ಮನೆಯ ಮೇಲೆ, ನಮ್ಮ ಭಾಷೆಯ ಮೇಲೆ, ಮೇಲೆ ಕೂತು ಕಡುಬು ತಿಂದ ದೇವರ ಮೇಲೆ. ಅಷ್ಟರಲ್ಲಿ ಡೆಕ್ಕಿನ ಮೆಟ್ಟಿಲಿಳಿದು ಆ ಹುಡುಗಿ ಬಂದಳು. ಬರಿಗಾಲು, ನಿದ್ದೆಗಣ್ಣು, ಮುಖದ ತುಂಬ ನಗು. ಕಿಟಕಿ ಮುಚ್ಚಿ ಎಸಿ ಹಾಕಿ ಮಲಗಿದ್ದವಳಿಗೆ ಏನೂ ತಿಳಿದಿರಲಿಲ್ಲ. ಮೇಲಿನಿಂದ ಮರಳಿನ ಮೇಲಿನ ಸಾಲುಗಳಷ್ಟೇ ಕಂಡಿದ್ದವು.

"ಆಂಟಿ, ಟ್ರ್ಯಾಕ್ಸ್ ನೋಡಿದ್ರಾ? ದೇ ಆಲ್ ಕೇಮ್ ಔಟ್. ನಾನು ಎಲ್ಲಾ ಲೈಟ್ ದೊಡ್ಡದು ಮಾಡಿದೆ. ಡಿಮ್ಮರ್ ಇತ್ತಲ್ಲ, ಫುಲ್ ಮಾಡಿದೆ. ಗರಾಜ್‌ದು ಕೂಡ."

"ಯಾಕೆ?" ಎಂದೆ.

"ಅಮ್ಮ ಹೇಳಿದ್ದು. ಬೇಬೀಸ್‌ಗೆ ದಾರಿ ಕಾಣ್ಬೇಕು ಅಂತ, ರೈಟ್?"

ಬೇರೆ ಯಾವ ಆಂಟಿಯಾದರೂ ಬೆನ್ನು ತಟ್ಟಿ, ಜಾಣೆ ಕಣಮ್ಮ ಎಂದು ಒಳಗೆ ಕಳಿಸುತ್ತಿದ್ದಳು. ಹುಡುಗಿ ಅಟ್ಲಾಂಟಾಕ್ಕೆ ಹೋಗಿ ಗೆಳತಿಯರಿಗೆ ಈ ಕತೆ ಹೇಳಿಕೊಂಡು ಸಂತೋಷವಾಗಿರುತ್ತಿದ್ದಳು. ನಾನು ಅವಳ ಮಣಿಕಟ್ಟು ಹಿಡಿದು ಡೆಕ್ಕಿನ ಕೆಳಗೆ ಕರೆದುಕೊಂಡು ಹೋದೆ. ಜಾಲರಿಯ ಹತ್ತಿರ ನಿಲ್ಲಿಸಿದೆ. ಆಮೇಲೆ ಕೊಳದ ಹತ್ತಿರ. ಅವು ಬೆಳಕನ್ನು ಕಡಲು ಎಂದುಕೊಳ್ಳುತ್ತವೆ, ನಿನ್ನ ಅಮ್ಮ ಹೇಳಿದ್ದು ಆರಿಸು ಅಂತ, ನೀನು ಹಾಕಿದೆ ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಯಾರಿಗಾದರೂ ನೋಯಲಿ ಎಂದು ನನಗೆ ಅನ್ನಿಸಿತ್ತು. ಎದುರಿಗೆ ಸಿಕ್ಕಿದವಳು ಅವಳು.

ಅವಳು ಕೊಳದ ಅಂಚಿಗೆ ಬಗ್ಗಿ ನೋಡಿದಳು.

"ಅಮ್ಮ ಏನು ಹೇಳ್ಬೇಕಿತ್ತು?"

"ಆರಿಸು ಅಂತ."

"ಆರ್ಸು" ಅಂದಳು. "ನಂಗೆ ಆ ವರ್ಡ್ ಯಾರೂ ಹೇಳ್ಕೊಟ್ಟಿಲ್ಲ ಆಂಟಿ."

"ಅದು ಕೆಟ್ಟ ಮಾತು. ಮನೇಲಿ ಆಡಲ್ಲ."

ಅವಳು ಕೊಳದ ಎಲೆ ತೆಗೆಯುವ ಉದ್ದ ಕೋಲಿನ ಬಲೆ ತಂದು, ದಡದಲ್ಲಿ ಮಂಡಿಯೂರಿ, ಒಂದೊಂದಾಗಿ ಎತ್ತತೊಡಗಿದಳು. ಎತ್ತಿದ್ದನ್ನು ಅಂಗೈ ಮೇಲೆ ಹಾಕಿಕೊಂಡು, ಬಕೆಟ್ಟಿಗೆ ಇಳಿಸುವಾಗ ಒಂದು ಸಲ ಆರಿಸು ಎನ್ನುತ್ತಿದ್ದಳು. ಪಾಠ ಕಂಠಪಾಠ ಮಾಡುವವರ ಹಾಗೆ, ಪ್ರತಿಯೊಂದಕ್ಕೂ ಒಂದು ಸಲ. ಉಚ್ಚಾರ ಸರಿಯಾಗುತ್ತಾ ಬಂತು. ಪ್ರಿನ್ಸಿಪಾಲಮ್ಮ ಕೂಡ ಆಯುವುದನ್ನು ಬಿಟ್ಟು ನಿಂತಳು.

ಕಾರು ಬಂದು ನಿಂತ ಸದ್ದಾಯಿತು. ಡಾಕ್ಟರ್ ಹೆಂಡತಿ ಹಿಂದಿನ ದಿನದ ರೇಷ್ಮೆ ಸೀರೆಯಲ್ಲೇ, ಪ್ರಸಾದದ ಡಬ್ಬಿ ಹಿಡಿದು ಪಕ್ಕದ ದಾರಿಯಿಂದ ಬಂದರು. ಕಾಂಕ್ರೀಟಿನ ಮೇಲೆ, ಜಾಲರಿಯ ಬುಡದಲ್ಲಿ, ಬಕೆಟ್ಟಿನಲ್ಲಿ ಬಿದ್ದದ್ದೆಲ್ಲ ಅವರ ಕಣ್ಣಿಗೆ ಬಿತ್ತು. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು. ಅದು ಯಾವುದಕ್ಕೆ ಬಂದ ಸದ್ದು ಎಂದು ನನಗೆ ಅನುಮಾನ ಉಳಿಯುತ್ತಿತ್ತೇನೋ, ಆದರೆ ಅಷ್ಟರಲ್ಲಿ ಮಗಳ ಮಾತು ಅವರ ಕಿವಿಗೆ ಬಿತ್ತು.

"ಆರಿಸು" ಎಂದು ಹುಡುಗಿ ಇನ್ನೊಂದನ್ನು ಇಳಿಸಿದಳು.

"ಥೂ, ಹಬ್ಬ ಮುಗಿಸ್ಕೊಂಡು ಬರೋವಾಗ ಮನೆ ಬಾಗಿಲಲ್ಲಿ ಅದೇನೇ ಮಾತು" ಎಂದರು ತಾಯಿ. "ಬಿಡ್ತು ಅನ್ನು."

ಹುಡುಗಿ ತಲೆ ಎತ್ತಲಿಲ್ಲ. "ಆರಿಸು."

ಡಬ್ಬಿ ಕೆಳಗಿಟ್ಟು ಹೋಗಿ ಮಗಳ ಕೆನ್ನೆಗೆ ಒಂದು ಕೊಟ್ಟರು. ಕೈಬಳೆಯ ಸದ್ದು ಕೇಳಿಸುವಷ್ಟು ಜೋರಾಗಿತ್ತು. "ಮೊದ್ಲು ಬಿಡ್ತು ಅನ್ನು. ಆಮೇಲೆ ಮಿಕ್ಕಿದ್ದು."

"ಬಿಡ್ತು" ಎಂದಳು ಹುಡುಗಿ.

ತಾಯಿಗೆ ಸಮಾಧಾನವಾಯಿತು. ಡಬ್ಬಿ ಎತ್ತಿಕೊಂಡು, ನಿರಿಗೆ ಮೇಲೆತ್ತಿ, ಸತ್ತವನ್ನು ದಾಟಿ ದಾಟಿ ಮೆಟ್ಟಿಲು ಹತ್ತಿದರು. ಕೆನ್ನೆಯ ಮೇಲೆ ಬೆರಳ ಗುರುತು ಮೂಡುತ್ತಿದ್ದ ಹುಡುಗಿ ನನ್ನ ಕಡೆ ತಿರುಗಿ, ನಾನು ಈಗ ಏನು ಹೇಳಿದೆ ಆಂಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬಾಯಲ್ಲಿ ಬಂದ ಕೆಟ್ಟದ್ದು ಆಗ್ದೇ ಇರ್ಲಿ ಅಂತ" ಎಂದೆ.

ಅವಳು ಕೈಯಲ್ಲಿದ್ದ ಮರಿಯನ್ನು ನೋಡಿದಳು. ಅದನ್ನು ಉಳಿದವುಗಳ ಮೇಲೆ ಮೆಲ್ಲಗೆ ಮಲಗಿಸಿ, ಎದ್ದು ಹೋಗಿ, ಗೋಡೆಯ ಮೇಲಿನ ಸ್ವಿಚ್ಚುಗಳನ್ನು ಒಂದೂ ಬಿಡದೆ ಕೆಳಕ್ಕೆ ಒತ್ತಿದಳು. ಬಿಸಿಲು ಏರಿಬಿಟ್ಟಿತ್ತು. ದೀಪ ಆರಿದ್ದು ನಮಗ್ಯಾರಿಗೂ ಗೊತ್ತಾಗಲಿಲ್ಲ.